ಚೌಕಟ್ಟಿನಾಚೆ ಉಳಿದ ಅಣೆಕಟ್ಟು

ಬೇಸಿಗೆ ಬಂತೆಂದರೆ ಕಬಿನಿ ಹಿನ್ನೀರಿನ ಫೋಟೊಗಳಿಗೆ ಸುಗ್ಗಿ. ನೀರಿಳಿದ ಬಯಲಿನ ಎಳೆ ಹುಲ್ಲಿನಲ್ಲಿ ಮರಿಗಳ ಸಮೇತ ಆನೆಗಳ ಹಿಂಡು. ನೀರ ನಡುವೆ ಬೋಳಾಗಿ ನಿಂತ ಮರದ ತುದಿಯಲ್ಲಿ ರೆಕ್ಕೆ ಒಣಗಿಸುತ್ತ ಕೂತ ನೀರುಕಾಗೆ. ಬೆಳಕು, ಕೋನ, ಸಮಯ ಯಾವುದರಲ್ಲೂ ಹುಳುಕು ಹುಡುಕುವಂತಿಲ್ಲ. ಅಡಿಬರಹ ಮಾತ್ರ ಸಾಮಾನ್ಯವಾಗಿ ಒಂದೇ ಧಾಟಿಯದು: ಮನುಷ್ಯ ಮುಟ್ಟದ ಕಾಡು. ಮುಟ್ಟಿದ್ದಾನೆ, ಅದೂ ಜೋರಾಗಿಯೇ. ಬೀಚನಹಳ್ಳಿಯಲ್ಲಿ 1970ರ ದಶಕದಲ್ಲಿ ಅಣೆಕಟ್ಟು ಎದ್ದಾಗ ಕಾಡೂ ಮುಳುಗಿತು, ಊರುಗಳೂ ಮುಳುಗಿದವು. ಆ ಬೋಳು ಮರ ಮುಳುಗಿದ ಕಾಡಿನ ಉಳಿಕೆ. ಜಲಾಶಯದ ನೀರು ತಗ್ಗಿ ತಳ ತೆರೆದುಕೊಂಡಾಗ ಚಿಗುರುವುದು ಆ ಹುಲ್ಲು. ಸುತ್ತಲಿನ ಕಾಡು ಒಣಗಿದ ಹೊತ್ತಿನಲ್ಲಿ ಆನೆಗಳು ಇಲ್ಲಿಗೆ ಬರುವುದು ಅದಕ್ಕಾಗಿಯೇ. ಹೀಗೆ ದೃಶ್ಯವನ್ನು ಉಂಟುಮಾಡಿದ್ದನ್ನೇ ಆಚೆಗಿಟ್ಟು ದೃಶ್ಯವನ್ನು ತೋರಿಸುವುದು ನಮ್ಮ ಪ್ರವಾಸಿ ಛಾಯಾಗ್ರಹಣದ ದೊಡ್ಡ ದೌರ್ಬಲ್ಯ. ಮಾಹಿತಿ ಕಡಿಮೆಯಾಯಿತು ಎಂಬುದಷ್ಟೇ ನನ್ನ ತಕರಾರಲ್ಲ, ಚಿತ್ರವೇ ತೆಳ್ಳಗಾಗುತ್ತದೆ.

ಜೋಗದಲ್ಲೂ ಇದೇ ಕತೆ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಷ್ಟು ತುಂಬಿ ಧುಮುಕಬೇಕೆಂಬುದನ್ನು 1964ರಿಂದ ಮಳೆಯ ಜೊತೆಗೆ ಲಿಂಗನಮಕ್ಕಿ ಅಣೆಕಟ್ಟಿನ ಗೇಟುಗಳೂ ನಿರ್ಧರಿಸುತ್ತಿವೆ. ಶಟರ್ ನಿಧಾನಿಸಿ ನೀರನ್ನು ರೇಷ್ಮೆ ಮಾಡಿದ ಪಟಗಳು ಲೆಕ್ಕವಿಲ್ಲದಷ್ಟಿವೆ. ಬೇಸಿಗೆಯ ಒಣ ಬಂಡೆ ಅವುಗಳ ಪಕ್ಕದಲ್ಲಿ ಕಾಣಿಸುವುದು ಅಪರೂಪ. ಈ ಅಭ್ಯಾಸಕ್ಕೆ ಸ್ಪರ್ಧೆಗಳ ಒತ್ತಾಸೆಯೂ ಇದೆ. ಅಂತರರಾಷ್ಟ್ರೀಯ ಸಲೋನುಗಳ ನಿಸರ್ಗ ವಿಭಾಗದಲ್ಲಿ ಮನುಷ್ಯನ ಕುರುಹು ಇರಕೂಡದೆಂಬುದು ನಿಯಮ. ಕಟ್ಟಡದಲ್ಲಿ ಗೂಡುಕಟ್ಟುವ ಗೂಬೆ, ಕೊಕ್ಕರೆಗಳಂಥವಕ್ಕೆ ವಿನಾಯಿತಿ ಉಂಟು, ಆದರೆ ತಂತಿ, ಜೀಪು, ಗೋಡೆ ಬಿಟ್ಟು ಕ್ಲಿಕ್ಕಿಸುವುದೇ ಕೈಗೆ ರೂಢಿಯಾಗಿದೆ.

ಈ ರೂಢಿ ರಸ್ತೆಬದಿಯ ವೀರಗಲ್ಲಿನ ಮುಂದೆ ಬಂದಾಗ ಹಾನಿ ಹೆಚ್ಚು. ಅಪರ್ಚರ್ ಅಗಲಿಸಿ ಹಿಂದಿನ ಹುಲ್ಲಿನ ಮೆದೆ, ಕರೆಂಟು ಕಂಬಗಳನ್ನು ಮಸುಕಾಗಿಸುತ್ತಾರೆ. ಎಣ್ಣೆ, ಕುಂಕುಮದ ಕಲೆ ಎಡಿಟಿಂಗಿನಲ್ಲಿ ಮಾಯ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೂತ ವೀರ, ನೆತ್ತಿಯಲ್ಲಿ ಸೂರ್ಯಚಂದ್ರ, ಇಷ್ಟು ಉಳಿಯುತ್ತದೆ. ಆದರೆ ಆ ಎಣ್ಣೆ ಕಲ್ಲಿಗೆ ಅಂಟಿದ ಕೊಳೆಯಲ್ಲ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಆತಕೂರಿನ ಕಲ್ಲು, ತನಗೆ ಪೂಜೆಯಾಗದೆ ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಉಣ್ಣಬಾರದೆಂದು ಕಟ್ಟಳೆ ಹಾಕುತ್ತದೆ. ಇವತ್ತು ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ, ಅಲ್ಲಿ ಎಣ್ಣೆಯಿಲ್ಲ, ಸರಿ. ಊರಲ್ಲೇ ಉಳಿದು ಪೂಜೆಗೊಳ್ಳುತ್ತಿರುವ ಕಲ್ಲನ್ನೂ ವಸ್ತುಸಂಗ್ರಹಾಲಯದ ಕಲ್ಲಿನಂತೆ ಒರೆಸಿ ತೋರಿಸುವುದೇಕೆ?

ಚೌಕಟ್ಟು ಎಂದರೇ ಆಯ್ಕೆ, ಛಾಯಾಗ್ರಾಹಕನೇನು ನೀರಾವರಿ ಇಂಜಿನಿಯರನೇ ಎಂದು ಕೇಳಬಹುದು. ನಿಜ, ಪ್ರತಿ ಪಟದಲ್ಲೂ ಅಣೆಕಟ್ಟಿನ ಗೋಡೆ ಇರಲಿ ಎಂದು ಯಾರೂ ಹಟ ಹಿಡಿದಿಲ್ಲ. ಆದರೆ ಪ್ರತಿ ಸಲವೂ ಅದನ್ನೇ ಬಿಡುವುದನ್ನು ಆಯ್ಕೆ ಎನ್ನುವುದು ಕಷ್ಟ. ಚೆಲುವಿನಿಂದಲೇ ಕಾಡಿನ ಮೇಲೆ ಜನರ ಅಕ್ಕರೆ ಹುಟ್ಟಿತು ಎಂಬ ವಾದಕ್ಕೆ ಹೆಚ್ಚು ತೂಕವಿದೆ; ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಋಣವನ್ನು ಅಲ್ಲಗಳೆಯಲಾಗದು. ಆದರೂ ಮನುಷ್ಯರಿಲ್ಲದ ಕಾಡಿನ ಚಿತ್ರವನ್ನೇ ನೋಡಿ ಬೆಳೆದ ಕಣ್ಣಿಗೆ ಕಾಡಂಚಿನ ಜೇನುಕುರುಬರ ಹಾಡಿ ಅತಿಕ್ರಮಣದಂತೆ ಕಂಡೀತು. ಜಾಗದ ವಿವರ ಕೊಟ್ಟರೆ ಪ್ರಾಣಿಗಳಿಗೆ ಕಾಟ, ಕಲ್ಲುಗಳಿಗೆ ಕಳ್ಳರ ಭಯ ಎನ್ನುವುದು ಇನ್ನೊಂದು ಆಕ್ಷೇಪ. ಗೂಡಿನ ಗುಟ್ಟು ಗುಟ್ಟಾಗಿಯೇ ಇರಲಿ. ಜಲಾಶಯದ ಹೆಸರು ಹೇಳಿದರೆ ಯಾವ ಹುಲಿಗೂ ತೊಂದರೆಯಿಲ್ಲ. ವೀರಗಲ್ಲಿನ ಊರು ಹೇಳಲು ಅಂಜಿಕೆಯಿದ್ದರೆ ತಾಲ್ಲೂಕು ಹೇಳಿ, ಸುತ್ತಲಿನ ಜಾಗ ಕಾಣುವ ಒಂದು ಪಟ ಮತ್ತು ಪಟ್ಟಿಕೆಗಳ ನಡುವಿನ ಶಾಸನದ ಸಾಲು ಓದಲಾಗುವ ಒಂದು ಪಟ ಕೊಟ್ಟರೆ ಸಾಕು. ಅಕ್ಷರ ಎದ್ದು ಕಾಣಲು ಬೆಳಗಿನ ಓರೆ ಬಿಸಿಲು ಬೇಕು. ಹುಲಿಗಾಗಿ ಗಂಟೆಗಟ್ಟಲೆ ಕಾಯುವವರಿಗೆ ಅದಕ್ಕೆ ಬೇಕಾದ ತಾಳ್ಮೆ ಇಲ್ಲದೇನಲ್ಲ.