ತೊಗಲು ಯಾರದು, ನಾದ ಯಾರದು?

ದೊಡ್ಡ ಉತ್ಸವಗಳ ಬಗ್ಗೆ ಬರೆಯುವಾಗ ನಮ್ಮ ವಿಮರ್ಶಕರು ವೇದಿಕೆಯ ಮೇಲೆ ಏನಿತ್ತು ಎಂಬುದನ್ನು ಹೇಳುತ್ತಾರೆ. ಎದುರು ಕೂತು ನೋಡಿದವರು ಯಾರು, ಅವರಿಗೆ ಏನು ಕಂಡಿತು, ಏನು ಕಾಣಲಿಲ್ಲ ಎಂದು ಕೇಳುವುದಿಲ್ಲ. 'ಪ್ರೇಕ್ಷಕ' ಎಂಬ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡು, ಅವನಿಗೆ ಜಾತಿಯಿಲ್ಲ, ಕೇರಿಯಿಲ್ಲ ಎಂದು ನಂಬಿಕೊಂಡು ಮುಂದೆ ಹೋಗುತ್ತಾರೆ. 2010ರ ಅಕ್ಟೋಬರ್ 3ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯನ್ನು ಮುಂದಿಟ್ಟುಕೊಂಡು ಈ ನಂಬಿಕೆಯನ್ನು ಪ್ರಶ್ನಿಸುವುದು ಇಲ್ಲಿ ನನ್ನ ಉದ್ದೇಶ. ಮುಗಿದುಹೋದ ಜಾತ್ರೆಯ ಲೆಕ್ಕ ಈಗ್ಯಾಕೆ ಅಂತ ಕೇಳಬಹುದು. 2030ರ ಕೂಟ ಅಹಮದಾಬಾದಿನಲ್ಲಿ ನಡೆಯಬೇಕೆಂದು 2025ರ ನವೆಂಬರಿನಲ್ಲಿ ತೀರ್ಮಾನವಾಗಿದೆ. ಅಂದರೆ ಇನ್ನೊಂದು ಉದ್ಘಾಟನೆ, 'ಭಾರತೀಯ ಸಂಸ್ಕೃತಿ'ಯ ಇನ್ನೊಂದು ಮೆರವಣಿಗೆ ನಮ್ಮ ಮುಂದಿದೆ. ಅದನ್ನು ಯಾವ ಕಣ್ಣಿಂದ ನೋಡಬೇಕು ಎಂಬುದನ್ನು ಈಗಲೇ ಯೋಚಿಸಬೇಕಾಗಿದೆ.

ದೆಹಲಿಯ ಆ ಸಂಜೆಗೆ ದೇಶದಿಂದ ಬಂದ ಮೊದಲ ಪ್ರತಿಕ್ರಿಯೆ ಹೊಗಳಿಕೆಯಲ್ಲ, ನಿಟ್ಟುಸಿರು. ಹನ್ನೆರಡು ದಿನ ಮುಂಚೆ, ಸೆಪ್ಟೆಂಬರ್ 21ರಂದು, ಕ್ರೀಡಾಂಗಣದ ಪಕ್ಕದ ಪಾದಚಾರಿ ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕೂಲಿಯಾಳುಗಳು ಗಾಯಗೊಂಡಿದ್ದರು. ಕ್ರೀಡಾಗ್ರಾಮದ ಗಲೀಜು ಕೋಣೆಗಳ ಚಿತ್ರ ಹೊರದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. 'ದೇಶದ ಮಾನ ಹೋಯ್ತು' ಎನ್ನುತ್ತಿದ್ದ ಮಧ್ಯಮವರ್ಗ ಆ ಮೂರು ಗಂಟೆಯ ಕಾರ್ಯಕ್ರಮ ನೋಡಿ 'ಸದ್ಯ, ಮಾನ ಉಳೀತು' ಎಂದಿತು. ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮಾತಿಗೆ ನಿಂತಾಗ ಅದೇ ಜನ ಕೂಗಿ ಗೇಲಿ ಮಾಡಿದರು. ಮೇಲ್ನೋಟಕ್ಕೆ ಇವು ಎರಡು ವಿರುದ್ಧ ಪ್ರತಿಕ್ರಿಯೆಗಳು. ಒಂದು ಹೆಮ್ಮೆ, ಇನ್ನೊಂದು ಸಿಟ್ಟು. ನನಗೆ ಮಾತ್ರ ಇವೆರಡೂ ಒಂದೇ ಬೆಂಚಿನ ಮೇಲೆ ಕೂತ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎರಡಕ್ಕೂ ಚಿಂತೆ ಹೊರಗಿನವರ ಎದುರು ಹೋಗುವ ಮಾನದ್ದು. ಒಳಗಿನ ಕೇರಿಯಲ್ಲಿ ದಿನಾ ಹೋಗುವ ಮಾನದ್ದಲ್ಲ. ದೆಹಲಿಯ ರಸ್ತೆಬದಿಯ ಕೊಳೆಗೇರಿಗಳು ಕಾಣದಿರಲೆಂದು ಕೂಟದ ಚಿತ್ರಗಳಿದ್ದ ಪರದೆಗಳನ್ನು ನಿಲ್ಲಿಸಿದ್ದು ಇದೇ ಮಾನಕ್ಕಾಗಿ.

ಇನ್ನು ಸಿಟ್ಟಿನ ವಿಚಾರ. ವಸತಿ ಹಕ್ಕಿಗಾಗಿ ದುಡಿಯುವ ಸಂಘಟನೆಯೊಂದು ಮಾಹಿತಿ ಹಕ್ಕಿನ ಮೂಲಕ ಹೊರಗೆಳೆದ ಲೆಕ್ಕದ ಪ್ರಕಾರ, ಪರಿಶಿಷ್ಟ ಜಾತಿಗಳಿಗೆಂದೇ ಮೀಸಲಿಟ್ಟ ವಿಶೇಷ ಘಟಕ ಯೋಜನೆಯಿಂದ ದೆಹಲಿ ಸರ್ಕಾರ 2006-07ರಿಂದ ಮುಂದಕ್ಕೆ ಸುಮಾರು 744 ಕೋಟಿ ರೂಪಾಯಿಯನ್ನು ಈ ಕೂಟದ ಕೆಲಸಗಳಿಗೆ ತಿರುಗಿಸಿತ್ತು. ಉದ್ಘಾಟನೆಗೆ ಮೊದಲೇ, 2010ರ ಆಗಸ್ಟಿನಲ್ಲಿ, ರಾಜ್ಯಸಭೆಯಲ್ಲಿ ಇದರ ಚರ್ಚೆಯಾಗಿ ಆಗಿನ ಗೃಹಸಚಿವ ಪಿ. ಚಿದಂಬರಂ ಅವರು ಮೇಲ್ನೋಟಕ್ಕೆ ಇದು ತಪ್ಪೆಂದು ಒಪ್ಪಿಕೊಂಡಿದ್ದರು. ಕ್ರೀಡಾಂಗಣದಲ್ಲಿ ಕೂಗಿದವರ ಕೋಪ ತಿಂದವರ ಮೇಲಿತ್ತು. ಯಾರ ತಟ್ಟೆಯಿಂದ ತಿಂದರು ಎಂಬುದು ಆ ಕೂಗಿನಲ್ಲಿ ಇರಲಿಲ್ಲ. ಭ್ರಷ್ಟಾಚಾರ ವಿರೋಧಿ ಸಿಟ್ಟಿಗೂ ಜಾತಿಯಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಮೂರನೆಯ ಪ್ರತಿಕ್ರಿಯೆ ನಮ್ಮ ಕೇರಿಯದು. ಇದು ಮೇಲಿನ ಎರಡರಷ್ಟು ಸರಳವಲ್ಲ. ನಾನಾಗ ಏಳನೇ ಕ್ಲಾಸು. ಕಾರ್ಯಕ್ರಮ ಶುರುವಾದದ್ದೇ ನಾನಾ ರಾಜ್ಯಗಳ ಚರ್ಮವಾದ್ಯಗಳಿಂದ. ಸಾವಿಗೂ ಹಬ್ಬಕ್ಕೂ ತಮಟೆ ಬಾರಿಸಿ ಕೈ ಜಡ್ಡುಗಟ್ಟಿದ್ದ ನಮ್ಮಪ್ಪ ಪಕ್ಕದ ಮನೆ ಟೀವಿ ಮುಂದೆ ಕುಕ್ಕರಗಾಲಲ್ಲಿ ಕೂತು, 'ನೋಡ್ಲಾ ಮಗ, ನಮ್ ತೊಗಲಿನ್ ವಾದ್ಯ ಡೆಲ್ಲಿಗೆ ಹೋಗದೆ' ಅಂತ ಹಿಗ್ಗಿದ. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಓಡಾಡಿದ್ದ ಚಿಕ್ಕಪ್ಪ ಬಾಗಿಲಲ್ಲಿ ನಿಂತೇ ಹೇಳಿದ: 'ಹೋಗಿರೋದು ವಾದ್ಯ ಕಣಣ್ಣೋ, ನೀನಲ್ಲ.'

ಚಿಕ್ಕಪ್ಪನ ಮಾತಿನ ಹಿಂದೆ ಒಂದು ಚರಿತ್ರೆಯೇ ಇದೆ. ಸತ್ತ ದನ ಹೊರುವುದು, ಸಾವಿನ ಸುದ್ದಿ ಒಯ್ಯುವುದು, ಕರೆದಾಗ ಹೋಗಿ ಬಾರಿಸುವುದು, ಇವೆಲ್ಲ ಕಲೆಯಾಗಿ ಬಂದದ್ದಲ್ಲ, ಬಿಟ್ಟಿ ಚಾಕರಿಯಾಗಿ ಬಂದದ್ದು. ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ ಎಂದದ್ದು, 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಈ ಚಾಕರಿಯ ಬೇರಿಗೇ ಕೊಡಲಿ ಹಾಕಲು. ತಮಿಳುನಾಡಿನ ಎಷ್ಟೋ ಕೇರಿಗಳು ಪರೈ ಬಾರಿಸುವುದಿಲ್ಲವೆಂದು ಕೂತವು. ನಮ್ಮಲ್ಲೂ ತಮಟೆ ಕೆಳಗಿಟ್ಟವರಿದ್ದಾರೆ, ಇಟ್ಟದ್ದಕ್ಕೆ ಬಹಿಷ್ಕಾರ ಉಂಡವರೂ ಇದ್ದಾರೆ. ಅದೇ ತಮಟೆಯನ್ನು ಚಳವಳಿ ಹೋರಾಟದ ಸದ್ದಾಗಿ ಮತ್ತೆ ಎತ್ತಿಕೊಂಡಿತು. ಹಾಗಾಗಿ ಒಂದು ಚರ್ಮವಾದ್ಯ ಎಲ್ಲಿ, ಯಾರ ಆಜ್ಞೆಯಂತೆ, ಯಾರ ಮುಂದೆ ಬಾರಿಸಲ್ಪಡುತ್ತದೆ ಎಂಬುದೇ ಅದರ ಅರ್ಥ. ಕ್ರೀಡಾಂಗಣದ ನಾದಲೋಕ ಈ ಪ್ರಶ್ನೆಯನ್ನೇ ಅಳಿಸಿಹಾಕಿತು. ಗುಡಿಯೊಳಗೆ ನುಡಿಸುವ ವಾದ್ಯ, ಗುಡಿಯ ಹೊರಗೆ ನಿಲ್ಲಬೇಕಾದ ವಾದ್ಯ ಎರಡೂ ಅಲ್ಲಿ ಬರೀ 'ಭಾರತದ ಲಯ'.

ಹಾಗಂತ ಅಪ್ಪನ ಹಿಗ್ಗನ್ನು ಭ್ರಮೆ ಎಂದು ತಳ್ಳಿಹಾಕುವ ವಿಮರ್ಶೆಯನ್ನು ನಾನು ಒಪ್ಪಲಾರೆ. ಅಪ್ಪನಿಗೆ ಲಯ ಗೊತ್ತಿತ್ತು. ಎಲ್ಲಿ ಕೈ ತಪ್ಪಿತು, ಎಲ್ಲಿ ಬಿಗಿಯಿತು ಎಂದು ಆ ದಿನ ಟೀವಿ ಮುಂದೆ ಹೇಳಬಲ್ಲವನು ಅವನೊಬ್ಬನೇ. ಅವನ ಸಂತೋಷ ಕಸುಬು ಬಲ್ಲವನ ಸಂತೋಷ. ಅದನ್ನು ರಾಷ್ಟ್ರಾಭಿಮಾನದ ಖಾತೆಗೆ ಜಮಾ ಮಾಡಿಕೊಂಡದ್ದು ಪ್ರಭುತ್ವದ ಜಾಣತನ. ದಲಿತ ವಿಮರ್ಶೆಗೆ ಚಿಕ್ಕಪ್ಪನ ಅನುಮಾನವೂ ಬೇಕು, ಅಪ್ಪನ ಕಿವಿಯೂ ಬೇಕು.

ಆ ಕಿವಿ ಇಟ್ಟುಕೊಂಡು ಮುಂದಿನ ಭಾಗ ನೋಡಿ. 'ಜ್ಞಾನವೃಕ್ಷ'ದ ಹೆಸರಲ್ಲಿ ಗುರುಶಿಷ್ಯ ಪರಂಪರೆಯನ್ನು ಶಾಸ್ತ್ರೀಯ ನೃತ್ಯಗಳ ಮೂಲಕ ತೋರಿಸಿದರು. ಭರತನಾಟ್ಯದ ಪೂರ್ವರೂಪವಾದ ಸದಿರ್ ದೇವದಾಸಿ ಮನೆತನಗಳ ಹೆಂಗಸರ ವಿದ್ಯೆ. 1947ರ ಮದ್ರಾಸ್ ಕಾಯ್ದೆ ಗುಡಿಗಳಲ್ಲಿ ಅವರ ಕುಣಿತಕ್ಕೆ ಕೊನೆ ಹಾಡುವ ಹೊತ್ತಿಗೆ ವಿದ್ಯೆ ಮೇಲ್ಜಾತಿಗಳ ವೇದಿಕೆ ಸೇರಿತ್ತು. ಆ ಹೆಂಗಸರು ಪರಂಪರೆಯ ಪಟದಿಂದ ಹೊರಬಿದ್ದರು. ಆ ಕುಣಿತಕ್ಕೆ ಬೇಕಾದ ಮೃದಂಗ? ಹಸು, ಎಮ್ಮೆ, ಆಡಿನ ತೊಗಲು ಹದಮಾಡಿ ಅದನ್ನು ಕಟ್ಟುವವರಲ್ಲಿ ಬಹಳಷ್ಟು ಜನ ದಲಿತ ಕ್ರೈಸ್ತರು. ಇದನ್ನು ಟಿ.ಎಂ. ಕೃಷ್ಣ ಅವರು 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕದಲ್ಲಿ ಬರೆದರೆ, 2020ರಲ್ಲಿ ಅದರ ಬಿಡುಗಡೆಗೆ ಜಾಗ ಕೊಟ್ಟಿದ್ದ ಚೆನ್ನೈನ ಕಲಾಕ್ಷೇತ್ರ ಕೊಟ್ಟ ಅನುಮತಿಯನ್ನು ವಾಪಸು ಪಡೆಯಿತು. ನಾದ ಒಳಗೆ ಬರಬಹುದು, ನಾದದ ಜಾತಕ ಬರುವಂತಿಲ್ಲ! ಕ್ರೀಡೆಯಲ್ಲೇ ನೋಡಿ: ತರಬೇತುದಾರರಿಗೆ ಕೇಂದ್ರ ಸರ್ಕಾರ ಕೊಡುವುದು ದ್ರೋಣಾಚಾರ್ಯ ಪ್ರಶಸ್ತಿ, ನಮ್ಮ ರಾಜ್ಯ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಹೆಬ್ಬೆರಳು ಕೇಳಿದವನಿಗೂ ಕೊಟ್ಟವನಿಗೂ ಒಂದೊಂದು ಪದಕ. ಕೇಳಿದ್ದು ಸರಿಯೇ ಎಂಬ ವಿಚಾರಣೆ ಮಾತ್ರ ಯಾವ ವೇದಿಕೆಯ ಮೇಲೂ ಇಲ್ಲ.

ಕೊನೆಗೆ ರೈಲು ಬಂತು, 'ಭಾರತದ ಮಹಾಯಾನ'. ಬೀದಿಯ ವ್ಯಾಪಾರಿಗಳು, ದುಡಿಯುವ ಜನ ಬಣ್ಣಬಣ್ಣದ ಬಟ್ಟೆಯಲ್ಲಿ ಕುಣಿದರು. ನೋಡಿದವರು ಹೆಚ್ಚು ಮೆಚ್ಚಿದ ಭಾಗಗಳಲ್ಲಿ ಇದೂ ಒಂದು. ಆದರೆ ಆ ರೈಲಿನ ಕೆಳಗೆ ಹಳಿಗಳಿವೆ, ಹಳಿಗಳ ಮೇಲೆ ಬಿದ್ದ ಮಲವನ್ನು ಬಾಚುವ ಕೈಗಳಿವೆ. ಮಲ ಹೊರುವ ಪದ್ಧತಿಯನ್ನು 1993ರ ಕಾಯ್ದೆಯೇ ನಿಷೇಧಿಸಿತ್ತು; ರೈಲ್ವೆಯಲ್ಲಿ ಅದು ನಡೆದೇ ಇತ್ತು. ನಮ್ಮ ಕೋಲಾರ ಚಿನ್ನದ ಗಣಿಯ ಸಫಾಯಿ ಕುಟುಂಬದಿಂದ ಬಂದ ಬೆಜವಾಡ ವಿಲ್ಸನ್ ಮತ್ತು ಗೆಳೆಯರ ಸಫಾಯಿ ಕರ್ಮಚಾರಿ ಆಂದೋಲನ ಅದೇ 2010ರ ಹಂಗಾಮಿನಲ್ಲಿ ದೇಶದ ಉದ್ದಗಲಕ್ಕೆ ಬಸ್ ಯಾತ್ರೆ ನಡೆಸಿ ದೆಹಲಿ ಮುಟ್ಟಿತು. ಒಂದೇ ಊರಿಗೆ ಎರಡು ಮಹಾಯಾನ! ಒಂದಕ್ಕೆ ದೇಶವೇ ಪ್ರೇಕ್ಷಕ. ಇನ್ನೊಂದು ಬಂದದ್ದೇ ಎಷ್ಟೋ ಜನಕ್ಕೆ ಗೊತ್ತಾಗಲಿಲ್ಲ. ಹೊಸ ಕಾಯ್ದೆಗೆ 2013ರವರೆಗೂ, ಸುಪ್ರೀಂ ಕೋರ್ಟಿನ ತೀರ್ಪಿಗೆ 2014ರವರೆಗೂ ಕಾಯಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, 'ಹಾಗಾದರೆ ಮುಂದಿನ ಸಲ ನಿಮ್ಮದೂ ಒಂದು ಸ್ತಬ್ಧಚಿತ್ರ ಸೇರಿಸೋಣ' ಎಂಬ ಉದಾರ ಉತ್ತರ ಬಂದೇ ಬರುತ್ತದೆ. ಅದನ್ನು ನಿರಾಕರಿಸಲು ನಾವು ಕಲಿಯಬೇಕು. ನಮಗೆ ಬೇಕಾದದ್ದು ವೇದಿಕೆಯ ಮೇಲಿನ ಜಾಗವಲ್ಲ, ಲೆಕ್ಕ. ಕರ್ನಾಟಕದಲ್ಲಿ ಉಪಯೋಜನೆಯ ಹಣಕ್ಕೆ 2013ರಲ್ಲಿ ಕಾಯ್ದೆಯ ಕಾವಲು ಬಂತು. ಹಣ ಬೇರೆಡೆ ಜಾರಲು ಕಿಂಡಿಯಾಗಿದ್ದ ಅದರ 7(ಡಿ) ಕಲಮನ್ನು 2023ರಲ್ಲಿ ತೆಗೆದರು. ಅದೇ ವರ್ಷ ಅದೇ ಹಣದಲ್ಲಿ 11 ಸಾವಿರ ಕೋಟಿಗೂ ಮಿಕ್ಕಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತೆಂದು ಜಗಳವೂ ಆಯಿತು. ಕಿಂಡಿ ಮುಚ್ಚಿದರೂ ಬಾಗಿಲು ತೆರೆದೇ ಇರುತ್ತದೆ ಎಂಬುದು ಇದರ ಪಾಠ. ಹಾಗಾಗಿ ಅಹಮದಾಬಾದಿನ ದೀಪ ಬೆಳಗುವಾಗ ದಲಿತ ಪ್ರೇಕ್ಷಕ ಒಂದು ಕಣ್ಣನ್ನು ಕುಣಿತದ ಮೇಲೆ, ಇನ್ನೊಂದನ್ನು ಬಜೆಟ್ ಪುಸ್ತಕದ ಮೇಲೆ ಇಟ್ಟಿರಬೇಕು. ಎಣ್ಣೆ ಯಾರ ಮನೆಯದು ಎಂದು ದೀಪ ಆರಿದ ಮೇಲೆ ಕೇಳಿ ಪ್ರಯೋಜನವಿಲ್ಲ.