ಕಾಲಿಂಗ್‌ವುಡ್ಡನ ಕಾಗದ

ಸರ್ಕಾರೀ ಕಾಗದಗಳನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವ ವಾಡಿಕೆ ನಮ್ಮಲ್ಲಿಲ್ಲ. ಅಂಕೆಸಂಖ್ಯೆ, ಅರಿಕೆ, ಅಪ್ಪಣೆ, ಇವಿಷ್ಟೇ ಅವುಗಳ ಒಡವೆ. ಅಡಿಯಲ್ಲಿ ರುಜು ಇದ್ದರೂ ರುಜು ಹಾಕಿದವನು ಒಳಗೆ ಕಾಣಿಸಿಕೊಳ್ಳಬಾರದೆಂಬುದು ಕಚೇರಿಯ ಶಾಸ್ತ್ರ. ಆದರೂ ಆ ಶಾಸ್ತ್ರವನ್ನು ಮೀರದೆಯೇ ಅದರೊಳಗೆ ಒಬ್ಬ ಮನುಷ್ಯನ ಎದೆಯ ಬಡಿತ ಕೇಳಿಸುವ ಪತ್ರಗಳು ಎಲ್ಲೋ ಒಂದೊಂದುಂಟು. ಅಂತಹ ಒಂದನ್ನು ಕಾವ್ಯವನ್ನು ಓದುವ ಎಚ್ಚರದಿಂದಲೇ ಓದಿನೋಡುವುದು ಈ ಲೇಖನದ ಉದ್ದೇಶ.

ಪತ್ರವು ಹುಟ್ಟಿದ್ದು 1805ನೆಯ ಇಸವಿ ಅಕ್ಟೋಬರ್ 22ರಂದು, ಸ್ಪೇನ್ ದೇಶದ ಟ್ರಫಾಲ್ಗರ್ ಭೂಶಿರದ ಸಮೀಪದಲ್ಲಿ, ಯೂರಿಯಲಸ್ ಎಂಬ ಹಡಗಿನ ಮೇಲೆ. ಹಿಂದಿನ ದಿನ 27 ಆಂಗ್ಲ ಯುದ್ಧನೌಕೆಗಳು ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ 33 ನೌಕೆಗಳನ್ನು ಎದುರಿಸಿ ಗೆದ್ದಿದ್ದವು. ಸೇನಾನಿ ನೆಲ್ಸನ್ ಮಡಿದಿದ್ದನು. ಎರಡನೆಯವನಾದ ಕಾಲಿಂಗ್‌ವುಡ್ಡನ ಹಡಗು ಕೂವೆಮರಗಳನ್ನು ಕಳೆದುಕೊಂಡು ನಿಂತಿದ್ದುದರಿಂದ ಆತನು ಯೂರಿಯಲಸ್ಸಿಗೆ ಬಂದು, ಅಧಿಕಾರವನ್ನು ವಹಿಸಿಕೊಂಡು, ಲಂಡನ್ನಿನ ನೌಕಾ ಕಚೇರಿಯ ಕಾರ್ಯದರ್ಶಿ ಮಾರ್ಸ್‌ಡನ್ನನಿಗೆ ವರದಿ ಬರೆದನು. ಗಾಳಿ ಬಿರುಸಾಗುತ್ತಿತ್ತು, ಹಡಗುಗಳು ಜರ್ಝರಿತವಾಗಿದ್ದವು, ಗೆಳೆಯನು ಸತ್ತು ಒಂದು ದಿನವಾಗಿತ್ತು.

(ಆ ಗೆಳೆಯನಿಗೆ ಯುದ್ಧದ ಮೊದಲ ರುಚಿಯನ್ನು ತೋರಿಸಿದವರು ನಮ್ಮ ಹೈದರಾಲಿಯ ನಾವಿಕರೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. 1775ರ ಫೆಬ್ರವರಿಯಲ್ಲಿ ನೆಲ್ಸನ್ ಕೆಲಸಮಾಡುತ್ತಿದ್ದ ಸೀಹಾರ್ಸ್ ಹಡಗಿಗೆ ಹೈದರನ ಎರಡು ನೌಕೆಗಳು ಎದುರಾದವು. ಆಗ ಅವನಿಗೆ ಹದಿನಾರು ವರ್ಷ.)

ಈಗ ಪತ್ರದ ಮೊದಲ ವಾಕ್ಯವನ್ನು ನೋಡೋಣ. ಇಡೀ ಇಂಗ್ಲೆಂಡ್ ಕಾಯುತ್ತಿದ್ದುದು ಒಂದೇ ಮಾತಿಗೆ: ಗೆದ್ದೆವೋ, ಸೋತೆವೋ? ಕಾಲಿಂಗ್‌ವುಡ್ಡನ ವಾಕ್ಯದ ಕರ್ತೃಪದವಾದರೋ ಮರಣ. ನೆಲ್ಸನ್ನನ ಮರಣವೇ ಈ ವರದಿಯ ಹೊಣೆಯನ್ನು ತನಗೆ ಬಿಟ್ಟುಹೋಗಿದೆಯೆಂದು ಆತನು ಆರಂಭಿಸುತ್ತಾನೆ. ಜಯವೆಂಬ ಶಬ್ದ ನಡುವೆ ಬರುತ್ತದೆ, ಅದೂ ನೆಲ್ಸನ್ ಬಿದ್ದ ಗಳಿಗೆಯನ್ನು ಗುರುತಿಸುವ ವಿಶೇಷಣವಾಗಿ ಮಾತ್ರ. ವ್ಯಾಕರಣದಲ್ಲಿಯೇ ಶೋಕವು ಯಜಮಾನ, ಜಯವು ಆಳು. ಬೇರೊಂದು ಅಲಂಕಾರವಿಲ್ಲ; ಶಬ್ದಗಳೆಲ್ಲ ಕಚೇರಿಯ ರೂಢಿಯ ಶಬ್ದಗಳೇ. ಪದಕ್ರಮವೊಂದರಿಂದಲೇ ಧ್ವನಿ ಹೊರಟಿದೆ.

ಇದನ್ನು ಕನ್ನಡಕ್ಕೆ ತರಹೊರಟವರಿಗೆ ತೊಡಕು ತಾನಾಗಿ ಗೋಚರಿಸುತ್ತದೆ. ನಮ್ಮ ಭಾಷೆಯಲ್ಲಿ ವಿಶೇಷಣವು ವಿಶೇಷ್ಯಕ್ಕಿಂತ ಮುಂಚೆ ಬರಬೇಕಾದುದರಿಂದ ‘ಜಯದ ಗಳಿಗೆಯಲ್ಲಿ ಬಿದ್ದ ನೆಲ್ಸನ್ನನ ಮರಣ’ ಎಂದು ಬರೆಯಬೇಕಾಗುತ್ತದೆ. ಕರೆಯದೆಯೇ ಜಯವು ಬಂದು ಮುಂದಿನ ಮಣೆಯ ಮೇಲೆ ಕುಳಿತುಬಿಡುತ್ತದೆ. ವಾಕ್ಯವನ್ನು ಎರಡಾಗಿ ಒಡೆದರೆ ಕ್ರಮವೇನೋ ಉಳಿದೀತು, ಆದರೆ ಒಂದೇ ಉಸಿರಿನಲ್ಲಿ ನಡೆಯುವ ಆ ರಾಜಗಾಂಭೀರ್ಯ ಉಳಿಯದು. ಭಾಷಾಂತರದಲ್ಲಿ ಕಳೆದುಹೋಗುವುದು ಕವಿತೆಯೊಂದೇ ಅಲ್ಲ.

ಕ್ರಮದ ಬೆಲೆಯನ್ನು ತೋರಿಸುವ ಒಂದು ಸಂಗತಿ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಈ ಕಾಗದವನ್ನು ಹೊತ್ತು ಲೆಫ್ಟೆನೆಂಟ್ ಲಾಪೆನೋಟಿಯರ್ ಎಂಬವನು ಪಿಕಲ್ ಎಂಬ ಚಿಕ್ಕ ಹಾಯಿಹಡಗಿನಲ್ಲಿ ಹೊರಟು, ನವೆಂಬರ್ 4ರಂದು ಫಾಲ್ಮತ್ ಬಂದರಿನಲ್ಲಿ ಇಳಿದು, ಬಂಡಿಯ ಕುದುರೆಗಳನ್ನು ದಾರಿಯುದ್ದಕ್ಕೂ ಬದಲಾಯಿಸುತ್ತ, 6ನೆಯ ತಾರೀಖಿನ ನಡುರಾತ್ರಿ ಕಳೆದ ಮೇಲೆ ನೌಕಾ ಕಚೇರಿಯನ್ನು ಮುಟ್ಟಿದನು. ಮಾರ್ಸ್‌ಡನ್ನನೆದುರು ಆತನ ಬಾಯಿಂದ ಹೊರಟದ್ದು ಮೊದಲು ದೊಡ್ಡ ಜಯದ ಸುದ್ದಿ, ‘ಆದರೆ’ ಎಂದ ಮೇಲೆ ನೆಲ್ಸನ್ನನ ಸುದ್ದಿ. ಓಡಿಬಂದ ದೂತನಿಗೆ ಅದೇ ಸಹಜ. ಕಿಸೆಯಲ್ಲಿದ್ದ ಕಾಗದವೂ ನಾಲಗೆಯ ಮೇಲಿದ್ದ ಮಾತೂ ಒಂದೇ ಸುದ್ದಿಯನ್ನು ತಲೆಕೆಳಗಾಗಿ ಹೇಳಿದವು.

ಪತ್ರದ ಮುಂದಿನ ಭಾಗ ಯುದ್ಧವರ್ಣನೆ. ಅದು ಸಾಧಾರಣ, ನಾಯಕರೆಲ್ಲರ ಸಾಹಸ ಒಂದೇ ತೆರನಾಗಿತ್ತೆಂದು ಹೇಳಿ ಬಹುಮಂದಿಯ ಹೆಸರೆತ್ತದೆ ಮುಂದೆ ಹೋಗುತ್ತಾನೆ. ಆಮೇಲೆ ಸ್ವಂತ ಮಾತು ಬರುತ್ತದೆ. ಗೆಳೆಯನು ಇಂತಹ ಕೀರ್ತಿಕರವಾದ ಸಂದರ್ಭದಲ್ಲಿ ಮಡಿದನೆಂಬುದು ತನ್ನ ದುಃಖಕ್ಕೆ ಸಮಾಧಾನವನ್ನು ತರಲಿಲ್ಲವೆಂದು ಒಪ್ಪಿಕೊಂಡು, ಬಹುಶಃ ತರಬೇಕಾಗಿತ್ತೇನೋ ಎಂಬ ಅರ್ಥದ ಎರಡು ಮೂರು ಶಬ್ದಗಳನ್ನು ಸೇರಿಸುತ್ತಾನೆ. ಈ ‘ಬಹುಶಃ’ ಎಂಬುದು ಪತ್ರದ ಜೀವಸ್ಥಾನವೆಂದು ನನ್ನ ಅಭಿಪ್ರಾಯ. ದೇಶಕ್ಕಾಗಿ ಸತ್ತವನಿಗೆ ಅಳಬಾರದೆಂದು ಸರ್ಕಾರವು ನಿರೀಕ್ಷಿಸುತ್ತದೆ. ಆ ನಿರೀಕ್ಷೆಯನ್ನು ಆತನು ಅಲ್ಲಗಳೆಯಲಿಲ್ಲ, ಅಂಗೀಕರಿಸಲೂ ಇಲ್ಲ. ಔಚಿತ್ಯದ ಗೆರೆಯ ಮೇಲೆಯೇ ಕಾಲಿಟ್ಟು ನಿಂತು, ಕೆಳಗಿನ ಆಳವನ್ನು ತೋರಿಸಿದನು.

ಹಾಗಾದರೆ ಈ ಪತ್ರ ಪೂರ್ಣವಾಗಿ ಪ್ರಾಮಾಣಿಕವೇ? ಇಲ್ಲಿ ಹೊಗಳಿಕೆಯನ್ನು ತಡೆಹಿಡಿಯಬೇಕಾಗುತ್ತದೆ. ಯುದ್ಧಕ್ಕೆ ಮೊದಲೇ ನೆಲ್ಸನ್ ದಿನದ ಕೊನೆಯಲ್ಲಿ ಲಂಗರು ಹಾಕಲು ಸಿದ್ಧರಾಗಿರಬೇಕೆಂದು ಧ್ವಜಸಂಜ್ಞೆ ಕೊಟ್ಟಿದ್ದನು. ಸಾಯುವ ಹೊತ್ತಿನಲ್ಲಿಯೂ ಅದೇ ಮಾತನ್ನು ಹಾರ್ಡಿಗೆ ಒತ್ತಿ ಹೇಳಿದನೆಂದು ಹಡಗಿನ ವೈದ್ಯ ಬೀಟಿ ಬರೆದಿಟ್ಟಿದ್ದಾನೆ. ಕಾಲಿಂಗ್‌ವುಡ್ಡನು ಒಡನೆಯೇ ಲಂಗರು ಹಾಕಿಸಲಿಲ್ಲ. ಪತ್ರದಲ್ಲಿ ಈ ವಿಷಯ ಬಂದಾಗ ವಾಕ್ಯದ ಕರ್ತೃ ಮೆಲ್ಲಗೆ ಬದಲಾಗುವುದನ್ನು ಗಮನಿಸಬೇಕು. ಸಂಜ್ಞೆ ಕೊಟ್ಟವನು ‘ನಾನು’. ಬಿಡಲು ಲಂಗರಿಲ್ಲದೆ, ಹಗ್ಗ ತುಂಡಾಗಿ ನಿಂತವು ಹಡಗುಗಳು. ಗಾಳಿಯನ್ನು ತಿರುಗಿಸಿ ಕಾಪಾಡಿದವನು ಭಗವಂತ. ನೆಲ್ಸನ್ನನ ಇಷ್ಟವೇನಿತ್ತೆಂಬುದು ಎಲ್ಲಿಯೂ ಇಲ್ಲ. ಕೈಸೇರಿದವೆಂದು ಮೊದಲ ಪತ್ರದಲ್ಲಿ ಹೇಳಿದ 19 ನೌಕೆಗಳಲ್ಲಿ ಬಿರುಗಾಳಿ ಕಳೆದ ಮೇಲೆ ಉಳಿದು ಜಿಬ್ರಾಲ್ಟರ್ ಸೇರಿದವು ನಾಲ್ಕೇ. ಕೆಲವು ಮುಳುಗಿದವು, ಕೆಲವನ್ನು ತಾವೇ ನಾಶಮಾಡಬೇಕಾಯಿತು, ಸಾಂತಾ ಆನಾ ಎಂಬುದನ್ನು ಶತ್ರುಗಳು ಬಿಡಿಸಿಕೊಂಡು ಹೋದರು. ಮುಳುಗಿದ ನೌಕೆಗಳಲ್ಲಿ ಗಾಯಾಳುಗಳಿದ್ದರೆಂಬುದನ್ನು ಮರೆಯಲಾಗದು.

ಆತನು ಸುಳ್ಳಾಡಿದನೆಂದು ಹೇಳಲಾಗದು. ಅನೇಕ ಹಡಗುಗಳ ಹಗ್ಗಗಳು ಗುಂಡಿಗೆ ತುಂಡಾಗಿದ್ದುದು ನಿಜ. ಆದರೆ ಲಂಗರು ಹಾಕಿದ ಡಿಫೆನ್ಸ್ ಎಂಬ ಹಡಗು ತಾನೂ ಉಳಿದು ತನ್ನ ಸೆರೆಹಡಗನ್ನೂ ಉಳಿಸಿಕೊಂಡಿತೆಂಬುದೂ ನಿಜ. ಶೋಕದಲ್ಲಿ ಅಷ್ಟು ನಿರ್ಭೀತವಾದ ಲೇಖನಿ ಹೊಣೆಗಾರಿಕೆಯಲ್ಲಿ ಉಳಿದ ಅಧಿಕಾರಿಗಳ ಲೇಖನಿಯಂತೆಯೇ ನಡೆಯಿತು. ಗಾಯಗೊಂಡ ಸ್ಪೇನ್ ಸೈನಿಕರನ್ನು ಕೆಲವೇ ದಿನಗಳಲ್ಲಿ ಕಾಡಿಸ್ ಊರಿಗೆ ಕಳುಹಿಸಿಕೊಡಲು ಏರ್ಪಡಿಸಿ ಅಲ್ಲಿನ ಅಧಿಪತಿಗೆ ಬರೆದ ಸೌಜನ್ಯಪೂರ್ಣವಾದ ಪತ್ರವನ್ನು ಪಕ್ಕದಲ್ಲಿಟ್ಟರೆ ಮಾತ್ರ ಆತನ ತೂಕ ಸರಿಯಾಗಿ ತಿಳಿಯುತ್ತದೆ.

ನೆಲ್ಸನ್ನನ ರೀತಿಯೇ ಬೇರೆ. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಯುದ್ಧದ ನಡುವೆ ಆತನು ಡೆನ್ಮಾರ್ಕಿನವರಿಗೆ, ಅವರು ಆಂಗ್ಲರ ಸಹೋದರರೆಂದು ಮೇಲುವಿಳಾಸ ಬರೆದು, ಕಾಗದ ಕಳುಹಿಸಿದನು. ಕಾಳಗ ನಿಲ್ಲದಿದ್ದರೆ ಸೆರೆಸಿಕ್ಕ ನೌಕೆಗಳನ್ನು ಒಳಗಿರುವ ಶೂರರೊಡನೆ ಸುಡಬೇಕಾದೀತೆಂಬುದು ಅದರ ಸಾರ. ಯಾರೋ ಅಂಟುಬಿಲ್ಲೆ ಕೊಡಹೋದಾಗ ಬೇಡವೆಂದು, ಗುಂಡು ಹಾರುತ್ತಿದ್ದಂತೆಯೇ ದೀಪವನ್ನೂ ಅರಗನ್ನೂ ತರಿಸಿ, ದೊಡ್ಡದಾಗಿ ಮುದ್ರೆಯೊತ್ತಿಸಿದನಂತೆ. ಅವಸರದಲ್ಲಿ ಬರೆದದ್ದೆಂದು ಶತ್ರು ತಿಳಿಯಬಾರದು! ಅದು ಕರುಣೆಯೋ ತಂತ್ರವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವನ ಕೈಯಲ್ಲಿ ಕಾಗದವೂ ಒಂದು ತೋಪು. ಕಾಲಿಂಗ್‌ವುಡ್ಡನಿಗೆ ಅದು ಹೊರೆ.

ಆ ಹೊರೆಯನ್ನು ಆತನು ಮುಂದೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹೊತ್ತನು. ಮೆಡಿಟರೇನಿಯನ್ ಸಮುದ್ರದ ಅಧಿಕಾರವೆಂದರೆ ಯುದ್ಧಕ್ಕಿಂತ ಹೆಚ್ಚಾಗಿ ಪತ್ರವ್ಯವಹಾರ. ಅರಸರಿಗೆ, ರಾಯಭಾರಿಗಳಿಗೆ, ಮಂತ್ರಿಗಳಿಗೆ ಹಡಗಿನ ಕೋಣೆಯಲ್ಲಿ ಕುಳಿತು ಬರೆದದ್ದೇ ಬರೆದದ್ದು. 1808ರಲ್ಲಿ ಆರೋಗ್ಯ ಕೆಟ್ಟು ಬಿಡುಗಡೆಯನ್ನು ಬೇಡಿದರೆ, ಆ ಸ್ಥಾನಕ್ಕೆ ತಕ್ಕವನು ದೊರೆಯುವುದು ಕಷ್ಟವೆಂದು ಸರ್ಕಾರದವರು ಉಳಿಸಿಕೊಂಡರು. ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿ ಬೆಳೆಯುತ್ತಿದ್ದರು. ಅವರಲ್ಲೊಬ್ಬಳಿಗೆ ಪತ್ರ ಬರೆಯುವ ಬಗೆಯನ್ನು ಕುರಿತು ಬುದ್ಧಿ ಹೇಳುತ್ತ, ಮಾತು ಸರಳವಾಗಿಯೂ ಸ್ಪಷ್ಟವಾಗಿಯೂ ಇರಲಿ, ವಾಕ್ಯವನ್ನು ಬರೆಯುವ ಮುನ್ನ ಪರೀಕ್ಷಿಸು, ಕಾಗದವೆಂಬುದು ಬರೆದವರ ಬುದ್ಧಿಯ ಚಿತ್ರ, ಎಂಬ ಅಭಿಪ್ರಾಯವನ್ನು ತಿಳಿಸಿದ್ದಾನೆ. ಸರ್ಕಾರಕ್ಕೆ ಬರೆದದ್ದನ್ನೂ ಮಕ್ಕಳಿಗೆ ಬರೆದದ್ದನ್ನೂ ಒಟ್ಟುಗೂಡಿಸಿ ಆತನ ಅಳಿಯನು 1828ರಲ್ಲಿ ಪ್ರಕಟಿಸಿದನು. 1810ರ ಮಾರ್ಚ್ 7ರಂದು, ಕೊನೆಗೂ ಊರಿಗೆ ಹೊರಟ ಹಡಗಿನಲ್ಲಿಯೇ ಕಾಲಿಂಗ್‌ವುಡ್ ತೀರಿಕೊಂಡನು. ಟ್ರಫಾಲ್ಗರ್ ಯುದ್ಧವಾದ ಮೇಲೆ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಆತನು ಒಮ್ಮೆಯೂ ಕಂಡಿರಲಿಲ್ಲ.