ಆನೆಯ ಹೊಟ್ಟೆಯೊಳಗಿನ ಬಟ್ಟಲು

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದವರು ಅಲ್ಲಿನ ಸಂಗೀತ ಗಡಿಯಾರದ ಮುಂದೆ ಕಾದು ಕೂರುತ್ತಾರೆ. ಗಂಟೆ ತುಂಬುವ ಹೊತ್ತಿಗೆ ಪುಟ್ಟ ಬೊಂಬೆಯೊಂದು ಹೊರಬಂದು ಜಾಗಟೆ ಬಾರಿಸಿ ಒಳಹೋಗುತ್ತದೆ. ಜನ ಖುಷಿಯಿಂದ ಚದುರುತ್ತಾರೆ. ವಿಚಿತ್ರ ಗಡಿಯಾರಗಳ ಗುಣವೇ ಇದು. ಹೊತ್ತು ತಿಳಿಸುವುದಕ್ಕಿಂತ ಬೆರಗು ಹುಟ್ಟಿಸುವುದೇ ಅವುಗಳ ಕೆಲಸ. ಬೆರಗು ತಪ್ಪಲ್ಲ. ಆದರೆ ಬೆರಗಾದ ಮೇಲೆ ನಾವು ಏನು ಮಾಡುತ್ತೇವೆ ಎಂಬುದು ಮುಖ್ಯ.

ಅಲ್-ಜಝರಿಯ ಆನೆ ಗಡಿಯಾರದ ಪ್ರತಿಕೃತಿಗಳ ವಿಷಯದಲ್ಲಿ ಈ ಮಾತನ್ನು ಕೇಳಿಕೊಳ್ಳಲೇಬೇಕು. ದುಬೈಯ ಇಬ್ನ್ ಬತೂತಾ ಮಾಲ್‌ನ ಭಾರತ ವಿಭಾಗದಲ್ಲಿ ಅಂಥದೊಂದು ಭಾರೀ ಆನೆ ನಿಂತಿದೆ. ದುಡಿಯಲು ಹೋದ ನಮ್ಮ ಕರಾವಳಿಯ ಹುಡುಗರು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. 'ನೋಡಿ, ಇದು ನಮ್ಮವರು ಕಂಡುಹಿಡಿದದ್ದು' ಎನ್ನುವ ಹೆಮ್ಮೆ ಊರಿನವರೆಗೂ ತಲುಪುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಆದರೆ ಗಡಿಯಾರದ ಜೀವವಿರುವುದು ಆನೆಯ ಹೊಟ್ಟೆಯೊಳಗೆ. ಅಲ್ಲೊಂದು ನೀರಿನ ತೊಟ್ಟಿ, ಅದರಲ್ಲಿ ತೇಲುವ ಒಂದು ತೂತಿನ ಬಟ್ಟಲು. ತೂತಿನಿಂದ ನೀರು ನಿಧಾನವಾಗಿ ಒಳಸೇರಿ ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ಮುಳುಗುವಾಗ ಅದು ದಾರವನ್ನು ಎಳೆಯುತ್ತದೆ. ಮೇಲಿನಿಂದ ಗುಂಡೊಂದು ಉರುಳಿ ಹಾವಿನ ಬಾಯಿಗೆ ಬೀಳುತ್ತದೆ. ಭಾರಕ್ಕೆ ಹಾವು ಬಾಗುತ್ತದೆ, ಮಾವುತ ಬಾರಿಸುತ್ತಾನೆ. ಬಾಗಿದ ಹಾವೇ ಬಟ್ಟಲನ್ನು ಮತ್ತೆ ಮೇಲಕ್ಕೆತ್ತುತ್ತದೆ. ಆಟ ಮೊದಲಿನಿಂದ ಶುರುವಾಗುತ್ತದೆ.

ಈ ಬಟ್ಟಲು ನಮಗೆ ಹೊಸದಲ್ಲ. ಮದುವೆಯ ಮುಹೂರ್ತ ನೋಡಲು ನಮ್ಮ ನಾಡಿನಲ್ಲಿ ಬಳಸುತ್ತಿದ್ದ ಗಳಿಗೆ ಬಟ್ಟಲೂ ಇದೇ ಜಾತಿಯದು. ಅದು ಮುಳುಗಲು 24 ನಿಮಿಷ, ದಿನಕ್ಕೆ 60 ಗಳಿಗೆ. ಕನ್ನಡದ 'ಗಳಿಗೆ'ಯೂ ಉರ್ದುವಿನ 'ಘಡಿ'ಯೂ ಒಂದೇ ಬೇರಿನ ಮಾತುಗಳು. ಹಾಗಾದರೆ ಆ ಫೋಟೋದಲ್ಲಿರುವ 'ನಮ್ಮವರು' ಯಾರು? ದಿಯಾರ್‌ಬಕೀರ್‌ನ ಅರ್ತುಕಿ ದೊರೆಗಳ ಆಶ್ರಯದಲ್ಲಿದ್ದ ಅಲ್-ಜಝರಿ ತನ್ನ ಇನ್ನೊಂದು ಗಡಿಯಾರಕ್ಕೆ ಆರ್ಕಿಮಿಡೀಸನ ಹೆಸರಿನ ಗ್ರಂಥ ಆಧಾರವೆಂದು ತಾನೇ ಬರೆದಿದ್ದಾನೆ. ಪಡೆದದ್ದನ್ನು ಒಪ್ಪಿಕೊಳ್ಳುವುದು ಅವನಿಗೆ ಸಣ್ಣತನವೆನಿಸಲಿಲ್ಲ. ನಮಗೇಕೆ ಅನಿಸಬೇಕು?

ಕಲಿತದ್ದನ್ನು ಅವನು ಬಚ್ಚಿಡಲೂ ಇಲ್ಲ. 1206ರಲ್ಲಿ ಮುಗಿಸಿದ ಗ್ರಂಥದಲ್ಲಿ 50 ಸಾಧನಗಳನ್ನು ಚಿತ್ರ, ಅಳತೆ, ಮಾಡುವ ಕ್ರಮ ಸಹಿತ ವಿವರಿಸಿದ. ಬೇರೊಬ್ಬ ಕುಶಲಕರ್ಮಿ ಓದಿ ಮಾಡಬೇಕೆಂಬುದೇ ಆಶಯ. 1974ರಲ್ಲಿ ಡೊನಾಲ್ಡ್ ಹಿಲ್ ಅದನ್ನು ಇಂಗ್ಲಿಷಿಗೆ ತಂದರು. 1976ರ ಇಸ್ಲಾಮಿ ಉತ್ಸವಕ್ಕಾಗಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಅವನ ದೊಡ್ಡ ಜಲಗಡಿಯಾರವೊಂದನ್ನು ಪುಸ್ತಕದ ಪ್ರಕಾರವೇ ಕಟ್ಟಲಾಯಿತು. ಪ್ರತಿಕೃತಿ ಎಂದರೆ ಇದು. ಹಳೆಯ ಗುರುವಿನ ಎದುರು ಕೂತು ಪಾಠ ಒಪ್ಪಿಸಿದ ಹಾಗೆ. ಅಂಗಡಿಗಳ ನಡುವೆ ನಿಲ್ಲಿಸಿದ ಆನೆಯಿಂದ ಅಂಗಡಿಗೆ ಕಳೆ ಬರಬಹುದು, ನೋಡುವವನಿಗೆ ಪಾಠವಾಗುವುದು ಕಷ್ಟ.

ಆ ಗ್ರಂಥದ ಅರಬಿ ಹೆಸರಿನಲ್ಲಿ 'ಹಿಯಲ್' ಎಂಬ ಪದವಿದೆ. 'ಹೀಲಾ'ದ ಬಹುವಚನ. ಅಲ್ಲಿ ಅದರ ಅರ್ಥ ಜಾಣ ಯಂತ್ರೋಪಾಯ. ನಮ್ಮ ಮನೆಮಾತಾದ ಉರ್ದುವಿನಲ್ಲಿ 'ಹೀಲಾ ಬಹಾನಾ' ಎಂದರೆ ಕೆಲಸ ತಪ್ಪಿಸಿಕೊಳ್ಳಲು ಹೇಳುವ ನೆಪ. ಒಂದೇ ಪದ ಜಾಣ ಉಪಾಯದಿಂದ ನೆಪಕ್ಕೆ ಹೇಗೆ ಜಾರಬಲ್ಲದೋ, ಆ ಪರಂಪರೆಯೂ ನಮ್ಮ ಕೈಯಲ್ಲಿ ಹಾಗೆಯೇ ಜಾರಿದೆ. ಎಂಟು ನೂರು ವರ್ಷ ಹಿಂದಿನ ಉಸ್ತಾದನ ಹೆಸರು ಹೇಳಿ ಇಂದಿನ ನಮ್ಮ ಸೋಮಾರಿತನವನ್ನು ಮುಚ್ಚಿಕೊಳ್ಳುತ್ತಿದ್ದೇವೆ.

ಆನೆಯ ಫೋಟೋವನ್ನು ಗೋಡೆಗೆ ಹಾಕಿಕೊಳ್ಳೋಣ, ಬೇಡವೆನ್ನುವುದಿಲ್ಲ. ಜೊತೆಗೆ ಮನೆಯ ಮಗು, ಗಂಡಾಗಲಿ ಹೆಣ್ಣಾಗಲಿ, ಒಂದು ಹಳೆಯ ಬಟ್ಟಲಿಗೆ ತೂತು ಕೊರೆದು ಬಕೆಟ್ ನೀರಿನಲ್ಲಿ ತೇಲಿಬಿಟ್ಟು ಅದು ಎಷ್ಟು ಹೊತ್ತಿಗೆ ಮುಳುಗುತ್ತದೆಂದು ಲೆಕ್ಕ ಹಾಕಲಿ. ಅಡುಗೆಮನೆ ಒದ್ದೆಯಾದರೆ ಗದರಿಸುವುದು ಬೇಡ.